ಗ್ರಾಮಸಭೆಯಲ್ಲಿ ಕೂಗಬೇಡಿ, ನಡಾವಳಿಯಲ್ಲಿ ಬರೆಸಿ

ನಾನು 31 ವರ್ಷ ಕಾಫಿ ತೋಟದಲ್ಲಿ ರೈಟರಾಗಿದ್ದವನು. ಬಯಲುಸೀಮೆಯವರಿಗೆ ಮೊದಲೇ ಹೇಳಿಬಿಡುತ್ತೇನೆ, ತೋಟದ ರೈಟರು ಕತೆ ಬರೆಯುವವರಲ್ಲ, ಚೆಕ್‌ರೋಲ್ ಬರೆಯುವವರು. ಬೆಳಗ್ಗೆ ಎಷ್ಟು ಆಳು ಬಂದರು, ಯಾರು ಮಧ್ಯಾಹ್ನಕ್ಕೇ ಹೋದರು, ಗೊಬ್ಬರ ಎಷ್ಟು ಚೀಲ ಇಳಿಯಿತು, ರಾತ್ರಿ ಮಳೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು). ಇಷ್ಟೇ ನನ್ನ ಬರವಣಿಗೆ. ಕೆಲಸ ಬಿಟ್ಟ ಮೇಲೆ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ಕಡೆ ಒಂದು ಊರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಊರಿನ ಹೆಸರು ಬೇಡ. ಪಂಚಾಯಿತಿಯವರ ಮುಖ ನಾನು ನಾಳೆಯೂ ನೋಡಬೇಕು, ಅಲ್ವಾ?

ಹೋದ ವಾರ ಪಕ್ಕದ ಬೀದಿಯ ಹುಡುಗ ಬಂದಿದ್ದ. 'ಅಂಕಲ್, ಗ್ರಾಮಸಭೆ ಇದೆಯಂತೆ. ಬೀದಿ ದೀಪದ ವಿಷಯ ಎತ್ತಬೇಕು. ಹೇಗೆ ಮಾತಾಡೋದು?' ಅಂತ ಕೇಳಿದ. ಮಾತಾಡೋದು ಕಷ್ಟ ಏನಿಲ್ಲ ಮಾರಾಯ, ಬರೆಸೋದು ಕಷ್ಟ ಅಂದೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆದಿದ್ದೇನೆ.

ಮೊದಲು ನಾನು ಕೆಟ್ಟ ಕತೆ

ನಮ್ಮ ಬೀದಿ ತಿರುವಿನಲ್ಲಿ, ಹಾಲಿನ ಡೈರಿ ಎದುರು ಒಂದು ಮೋರಿ ಇದೆ. ರಸ್ತೆ ಅಡಿಯಲ್ಲಿ ಒಂದಡಿ ಬಾಯಿಯ ಸಿಮೆಂಟ್ ಪೈಪು ಇತ್ತು. ಮೇಲಿನ ತೋಟಗಳ ನೀರೆಲ್ಲ ಆ ಒಂದಡಿ ಬಾಯಲ್ಲೇ ಹೋಗಬೇಕು. ಪುನರ್ವಸು ಮಳೆ ಹಿಡಿಯಿತು ಅಂದರೆ ಸಿಲ್ವರ್ ಓಕ್ ಎಲೆ ಬಂದು ಪೈಪಿಗೆ ಬಿರಡೆ ಹಾಕಿದ ಹಾಗೆ ಕೂರುತ್ತಿತ್ತು. ನೀರು ರಸ್ತೆ ದಾಟಿ ಕೆಳಗಿನ ಮೂರು ಮನೆಗಳ ಅಂಗಳಕ್ಕೆ ನುಗ್ಗುತ್ತಿತ್ತು. ಅಂಗನವಾಡಿಗೆ ಹೋಗುವ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು.

ನಾನು ಹೋದ ಮೊದಲ ಗ್ರಾಮಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಿದೆ. ಮೋರಿ ಹೇಳಿದೆ. ಹೇಳುತ್ತಾ ಹೇಳುತ್ತಾ ನಾಯಿ ಕಾಟ ಹೇಳಿದೆ, ಬಸ್ಸು ಸರಿಯಾಗಿ ಬರೋದಿಲ್ಲ ಅಂದೆ, ಟ್ಯಾಂಕ್ ತೊಳೆದು ಎಷ್ಟು ದಿನ ಆಯ್ತು ಅಂತ ಕೇಳಿದೆ, ಕೊನೆಗೆ ದೇಶದ ರಾಜಕೀಯಕ್ಕೂ ಕೈ ಹಾಕಿದೆ. ಜನ ಚಪ್ಪಾಳೆ ತಟ್ಟಿದರು. ಟೀ ಕುಡಿಯುವಾಗ ಇಬ್ಬರು ಬೆನ್ನು ತಟ್ಟಿದರು. ಮನೆಗೆ ಬಂದು ಹೆಂಡತಿ ಹತ್ತಿರ ದೊಡ್ಡದಾಗಿ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಕಚೇರಿಗೆ ಹೋಗಿ ಆ ದಿನದ ನಡಾವಳಿ, ಅಂದರೆ ಸಭೆಯಲ್ಲಿ ಆದದ್ದನ್ನು ಪುಸ್ತಕದಲ್ಲಿ ಬರೆದಿಟ್ಟದ್ದು, ನೋಡಿದೆ. ನನ್ನ ಅಷ್ಟು ದೊಡ್ಡ ಭಾಷಣಕ್ಕೆ ಅಲ್ಲಿದ್ದದ್ದು ಒಂದೂವರೆ ಸಾಲು: 'ಗ್ರಾಮಸ್ಥರು ಮೂಲಸೌಕರ್ಯಗಳ ಕುರಿತು ಚರ್ಚಿಸಿದರು. ಸೂಕ್ತ ಕ್ರಮ ವಹಿಸಲು ತೀರ್ಮಾನಿಸಲಾಯಿತು.'

ಮೋರಿ ಇಲ್ಲ. ಡೈರಿ ಇಲ್ಲ. ಯಾರು ಕ್ರಮ ವಹಿಸಬೇಕು ಅನ್ನೋದಿಲ್ಲ, ಯಾವಾಗ ಅನ್ನೋದೂ ಇಲ್ಲ. 'ತೀರ್ಮಾನಿಸಲಾಯಿತು' ಅಂದರೆ ಯಾರು ತೀರ್ಮಾನಿಸಿದರು? ವ್ಯಾಕರಣದಲ್ಲೇ ಆಸಾಮಿ ತಪ್ಪಿಸಿಕೊಂಡಿದ್ದಾನೆ. ಚೆಕ್‌ರೋಲಿನಲ್ಲಿ ನಾನು 'ಕೆಲವು ಆಳುಗಳು ಸ್ವಲ್ಪ ಕೆಲಸ ಮಾಡಿದರು' ಅಂತ ಬರೆದಿದ್ದರೆ ಸಾಹುಕಾರರು ಅವತ್ತೇ ಮನೆಗೆ ಕಳಿಸುತ್ತಿದ್ದರು. ತಪ್ಪು ಬರೆದವರದ್ದು ಅಂತ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಒಬ್ಬ ಮನುಷ್ಯ ನಿಂತ ನಿಲುವಿನಲ್ಲೇ ಐದು ವಿಷಯ ಕೂಗಿದರೆ ಪಾಪ, ಬರೆಯುವವರಾದರೂ ಏನು ಬರೆಯಬೇಕು?

ಅವತ್ತಿನಿಂದ ನನ್ನ ಗುರಿ ಒಂದೇ. ಸಭೆಯಲ್ಲಿ ನಾನು ಏನು ಹೇಳಿದೆ ಅನ್ನೋದು ಬಿಟ್ಟುಬಿಟ್ಟೆ. ಪುಸ್ತಕದಲ್ಲಿ ಏನು ಬಿತ್ತು ಅನ್ನೋದನ್ನು ಹಿಡಿದುಕೊಂಡೆ.

ಯಾವ ಸಭೆ, ಯಾವ ಕಾಲ

ಪಂಚಾಯಿತಿಯಲ್ಲಿ ಸಭೆಗಳು ಒಂದಲ್ಲ. ತಿಂಗಳ ಸಾಮಾನ್ಯ ಸಭೆ ಸದಸ್ಯರದ್ದು. ನಮ್ಮದು ವಾರ್ಡ್ ಸಭೆ ಮತ್ತು ಗ್ರಾಮಸಭೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಗ್ರಾಮಸಭೆಯ ಸದಸ್ಯರು. ಯಾರೂ ಕರೆಯಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಇದಲ್ಲದೆ ವರ್ಷಕ್ಕೊಮ್ಮೆ ಜಮಾಬಂದಿ ಅಂತ ಆಗುತ್ತದೆ. ಅಲ್ಲಿ ಪಂಚಾಯಿತಿಯ ಜಮಾ-ಖರ್ಚು ಎಲ್ಲರ ಮುಂದೆ ತೆಗೆಯಬೇಕು. ಖರ್ಚಾದ ದುಡ್ಡಿನ ಪ್ರಶ್ನೆ ಇದ್ದರೆ ಅಲ್ಲಿ ಕೇಳಿ, ಆಗಬೇಕಾದ ಕೆಲಸ ಇದ್ದರೆ ಗ್ರಾಮಸಭೆಯಲ್ಲಿ ಕೇಳಿ.

ವಾರ್ಡ್ ಸಭೆಯನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಅಲ್ಲಿ ಜನ ಕಡಿಮೆ, ಮೈಕ್ ಇಲ್ಲ, ಶಾಲೆ ಜಗಲಿ ಮೇಲೋ ಅಂಗನವಾಡಿ ಮುಂದೋ ಕೂತು ಮಾತಾಡುತ್ತಾರೆ. ಸುಮಾರು 400 ಜನಕ್ಕೆ ಒಬ್ಬರಂತೆ ಮೆಂಬರು ಇರುತ್ತಾರೆ, ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಒಪ್ಪಿಕೊಂಡ ಕೆಲಸ ಪಟ್ಟಿಯಾಗಿ ಗ್ರಾಮಸಭೆಗೆ ಹೋಗುತ್ತದೆ. ಗ್ರಾಮಸಭೆಯಲ್ಲಿ ಹೊಸದಾಗಿ ಶುರು ಮಾಡಿದರೆ 'ವಾರ್ಡ್ ಸಭೆಯಲ್ಲಿ ಯಾಕೆ ಹೇಳಲಿಲ್ಲ?' ಅಂತ ಒಂದು ಮಾತು ಬಂದೇ ಬರುತ್ತದೆ.

ಇನ್ನೊಂದು ಲೆಕ್ಕ ನಮ್ಮ ಮಲೆನಾಡಿನವರಿಗೆ. ಮುಂದಿನ ವರ್ಷದ ಯೋಜನೆ ತಯಾರಿ 2018ರಿಂದ ಪ್ರತಿ ವರ್ಷ ಅಕ್ಟೋಬರ್ 2ರ ಹೊತ್ತಿಗೆ ಅಭಿಯಾನದ ಹಾಗೆ ಶುರುವಾಗುತ್ತದೆ. ಆ ಹೊತ್ತಿನ ಸಭೆಗಳಲ್ಲಿ ಪಟ್ಟಿಗೆ ಸೇರಿದ್ದು ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಹೋಗುತ್ತದೆ. ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಬಿಡಿಸುವುದು ಬಲು ಕಷ್ಟ. ಅತ್ತ ನವೆಂಬರ್ ಬಂತು ಅಂದರೆ ಅರೇಬಿಕಾ ಕೊಯ್ಲು. ಆಮೇಲೆ ರೊಬಸ್ಟಾ. ಕೊಯ್ಲಿನ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು ಒಬ್ಬರೂ ಬರೋದಿಲ್ಲ, ಕೂಲಿ ಬಿಟ್ಟು ಯಾರು ಬರ್ತಾರೆ? ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲೇ ನಾವು ಹತ್ತು ಜನ ಸಹಿ ಮಾಡಿ, ಸಭೆಯನ್ನು ರಜದ ದಿನ ಇಡಿ ಅಂತ ಒಂದು ಚೀಟಿ ಕೊಟ್ಟುಬಿಡುತ್ತೇವೆ. ಒಂದು ವರ್ಷ ಕೇಳಿದರು, ಒಂದು ವರ್ಷ ಕೇಳಲಿಲ್ಲ.

ನೋಟಿಸ್ ಎಲ್ಲಿ ಅಂಟಿಸುತ್ತಾರೆ ಅನ್ನೋದು ನೋಡಿಕೊಳ್ಳಿ. ನಮ್ಮಲ್ಲಿ ಡೈರಿ ಗೋಡೆ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಬೋರ್ಡು. ಈಗ ವಾಟ್ಸಾಪಿಗೂ ಹಾಕುತ್ತಾರೆ. ಡೈರಿಗೆ ದಿನಾ ಎರಡು ಹೊತ್ತು ಹೋಗುವ ಹೆಂಗಸರಿಗೆ ಹೇಳಿಟ್ಟರೆ ಅದಕ್ಕಿಂತ ಒಳ್ಳೆ ಡಂಗುರ ಇಲ್ಲ.

ಯಾರ ಕೆಲಸ ಅಂತ ಮೊದಲೇ ತಿಳಿದುಕೊಳ್ಳಿ

ಅರ್ಧ ದೂರುಗಳು ಸಾಯೋದು ಇಲ್ಲೇ. 'ಅದು ನಮಗೆ ಬರಲ್ಲ' ಅಂದರೆ ಮುಗಿಯಿತು, ಇವರು ಕೂತುಕೊಳ್ಳುತ್ತಾರೆ.

ಬೀದಿ ದೀಪದ ಬಲ್ಬು ಪಂಚಾಯಿತಿಯದ್ದು. ಕಂಬ ವಾಲಿದರೆ, ತಂತಿ ಜೋತುಬಿದ್ದರೆ ಕರೆಂಟ್ ಕಂಪನಿ ಮೆಸ್ಕಾಂನದ್ದು, 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಊರೊಳಗಿನ ಚರಂಡಿ, ಮೋರಿ, ಕುಡಿಯುವ ನೀರು, ಕಸದ ಗಾಡಿ ಪಂಚಾಯಿತಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆ. ಬೀದಿ ನಾಯಿ ಸಂತಾನಹರಣದ ಹೊಣೆ 2023ರ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯದ್ದೇ, ಅಂದರೆ ಪಂಚಾಯಿತಿ ನುಣುಚಿಕೊಳ್ಳುವ ಹಾಗಿಲ್ಲ. ಆನೆ ಬಂದರೆ ಗ್ರಾಮಸಭೆ ತನಕ ಕಾಯುವ ಪುಣ್ಯಾತ್ಮರು ಯಾರೂ ಇಲ್ಲ ಬಿಡಿ, ಅದು ಆಗಿಂದಾಗಲೇ ಅರಣ್ಯ ಇಲಾಖೆಗೆ.

ನಮ್ಮ ಮೋರಿ ವಿಷಯದಲ್ಲಿ ಮೊದಲು ಬಂದ ಉತ್ತರವೂ ಅದೇ: 'ಆ ರಸ್ತೆ ಪಂಚಾಯಿತಿಗೆ ಸೇರಿದ್ದೋ ಲೋಕೋಪಯೋಗಿಗೆ ಸೇರಿದ್ದೋ ನೋಡಬೇಕು.' ನಾನು ಆ ಮಾತಿಗೆ ಅಲ್ಲೇ ಬಿಡಲಿಲ್ಲ. 'ಸರಿ, ನೋಡಿ ಲಿಖಿತದಲ್ಲಿ ತಿಳಿಸಿ' ಅಂತ ಅರ್ಜಿ ಕೊಟ್ಟೆ. ಪಂಚಾಯಿತಿ ರಸ್ತೆಯೇ ಅಂತ ಬಂತು. ಆ ಒಂದು ಹಾಳೆ ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಈಗಲೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ.

ಒಂದು ದೂರು, ಒಂದು ನೋಟ್‌ಬುಕ್ಕು

ಎರಡನೇ ಸಲ ಸಭೆಗೆ ಹೋಗುವ ಮುಂಚೆ ಒಂದು ಮಳೆಗಾಲ ಪೂರ್ತಿ ಲೆಕ್ಕ ಬರೆದೆ. ಹಳೇ ಚಟ. ಮನೆ ಮುಂದೆ ಮಳೆ ಮಾಪಕ ಇದೆ, ತೋಟ ಬಿಡುವಾಗ ಸಾಹುಕಾರರು ಕೊಟ್ಟದ್ದು. ಎಡಗಡೆ ತಾರೀಕು, ಪಕ್ಕದಲ್ಲಿ ಮಳೆ, ಬಲಗಡೆ ಮೋರಿ ಹತ್ತಿರ ಏನಾಯಿತು. 'ಮಳೆ 2 ಇಂಚು 10 ಸೆಂಟ್. ರಸ್ತೆ ಮೇಲೆ ನೀರು. ಬೆಳಗ್ಗೆ ಹಾಲಿನ ವ್ಯಾನ್ ನಿಂತಿತು.' 'ಮಳೆ 3 ಇಂಚು 45 ಸೆಂಟ್. ಎರಡನೇ ಮನೆ ಅಜ್ಜಿ ಅಡುಗೆಮನೆಗೆ ನೀರು. ಒಲೆ ಹತ್ತಿಸಿಲ್ಲ.' ಹೀಗೆ. ಕೊನೆಗೆ ಕೂಡಿಸಿದಾಗ ಆ ಮಳೆಗಾಲದಲ್ಲಿ 14 ದಿನ ರಸ್ತೆ ಮೇಲೆ ನೀರು ಬಂದಿತ್ತು. ಒಂದೂವರೆ ಇಂಚಿನ ಮೇಲೆ ಮಳೆಯಾದ ದಿನವೆಲ್ಲ ಬಂದಿತ್ತು. ಇದಕ್ಕೆ ಇಂಜಿನಿಯರೇ ಬೇಕಾಗಿಲ್ಲ, ಪೈಪು ಸಣ್ಣದಾಯಿತು ಅಂತ ಮಕ್ಕಳೂ ಹೇಳುತ್ತಾರೆ.

ನಿಮ್ಮ ಹತ್ತಿರ ಮಳೆ ಮಾಪಕ ಇರೋದಿಲ್ಲ. ಬೇಡ. ಕಸದ ಗಾಡಿ ಬಾರದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ಹಿಡಿದಿರಿ ಅಂತ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದರೂ ನಡೆಯುತ್ತದೆ. 'ನೀರೇ ಬರಲ್ಲ ಸಾರ್' ಅಂದರೆ ವಾಟರ್‌ಮ್ಯಾನ್ ಅಲ್ಲೇ ಎದ್ದು 'ಮೊನ್ನೆ ಬಿಟ್ಟಿದ್ದೀನಲ್ಲಾ' ಅನ್ನುತ್ತಾನೆ, ನಿಮ್ಮ ಮಾತು ಸುಳ್ಳಾಗಿಬಿಡುತ್ತದೆ. 'ಈ ತಿಂಗಳು 30 ದಿನದಲ್ಲಿ 11 ದಿನ ಬಂದಿದೆ, ಇಗೋ ತಾರೀಕು' ಅಂದರೆ ಅವನು ಏಳೋದಿಲ್ಲ.

ಫೋಟೋ ತೆಗೆಯುವಾಗ ಅಳತೆಗೆ ಏನಾದರೂ ಪಕ್ಕದಲ್ಲಿಡಿ. ಬರೀ ಕೆಂಪು ನೀರಿನ ಫೋಟೋ ನೋಡಿದರೆ ಅದು ಗದ್ದೆಯೋ ರಸ್ತೆಯೋ ಗೊತ್ತಾಗೋದಿಲ್ಲ. ನಾನು ನನ್ನ ಉದ್ದ ಕೊಡೆಯನ್ನು ರಸ್ತೆ ಮಧ್ಯದಲ್ಲಿ ನಿಲ್ಲಿಸಿ ತೆಗೆದೆ, ಹಿಂದೆ ಡೈರಿ ಬೋರ್ಡು ಕಾಣುವ ಹಾಗೆ. ಕೊಡೆಯ ಕಾಲು ಭಾಗ ನೀರಿನಲ್ಲಿ ಮುಳುಗಿತ್ತು. ಆಮೇಲೆ ಸಭೆಯಲ್ಲಿ ಆ ಕೊಡೆಯನ್ನೇ ತೆಗೆದುಕೊಂಡು ಹೋಗಿ, 'ನೀರು ಇಲ್ಲೀ ತನಕ' ಅಂತ ಬೆರಳಿಟ್ಟು ತೋರಿಸಿದೆ. ಎಲ್ಲರೂ ನಕ್ಕರು. ಆದರೆ ಯಾರೂ ಮರೆಯಲಿಲ್ಲ.

ಒಂದು ಸಭೆಗೆ ಒಂದೇ ದೂರು ಅನ್ನೋದು ನನ್ನ ನೇಮ. ಹೊಟ್ಟೆಯಲ್ಲಿ ಹತ್ತು ಇರುತ್ತದೆ, ಗೊತ್ತು. ಉಳಿದ ಒಂಬತ್ತನ್ನು ಒಂಬತ್ತು ಜನಕ್ಕೆ ಹಂಚಿ.

ಅರ್ಜಿ

ಸಭೆಗೆ ಮುಂಚೆಯೇ ಅರ್ಜಿ ಕೊಡಿ. ಒಂದು ಪುಟ ಮೀರಬಾರದು. 'ಘನ ಸನ್ನಿಧಾನಕ್ಕೆ' ಅಂತೆಲ್ಲ ಬರೆದು ಅರ್ಧ ಹಾಳೆ ತುಂಬಿಸಬೇಡಿ. ನಾನು ಬರೆದ ಅರ್ಜಿಯ ಒಡಲು ಇಷ್ಟೇ ಇತ್ತು:

'ವಿಷಯ: ಹಾಲಿನ ಡೈರಿ ಎದುರಿನ ಮೋರಿಯ ಪೈಪು ಬದಲಿಸುವ ಬಗ್ಗೆ. ಈ ಮೋರಿಯ ಪೈಪು ಒಂದು ಅಡಿ ಅಗಲ ಇದೆ. ಈ ಮಳೆಗಾಲದಲ್ಲಿ 14 ದಿನ ನೀರು ರಸ್ತೆ ಮೇಲೆ ಹರಿದು ಮೂರು ಮನೆಗಳಿಗೆ ನುಗ್ಗಿದೆ. ತಾರೀಕುಗಳ ಪಟ್ಟಿ ಮತ್ತು ಎರಡು ಫೋಟೋ ಜೊತೆಗಿದೆ. ಎರಡು ಅಡಿ ಅಗಲದ ಪೈಪು ಹಾಕಿಸಲು ಅಂದಾಜು ಪಟ್ಟಿ ತಯಾರಿಸಿ, ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಬೇಕಾಗಿ ಕೋರುತ್ತೇವೆ. ಈ ವಿಷಯವನ್ನು ಗ್ರಾಮಸಭೆಯ ಮುಂದೆ ಇಡಬೇಕಾಗಿಯೂ ಕೋರುತ್ತೇವೆ.'

ಕೆಳಗೆ 22 ಸಹಿ. ಅದರಲ್ಲಿ ಒಂಬತ್ತು ಹೆಬ್ಬೆಟ್ಟು. ಹೆಬ್ಬೆಟ್ಟಿನ ಪಕ್ಕ ಹೆಸರು ಬರೆಯೋದು ಮರೆಯಬೇಡಿ.

ಇದರಲ್ಲಿ ಒಂದು ಸಣ್ಣ ಲೆಕ್ಕ ಇದೆ. ಒಂದಡಿ ಪೈಪಿನ ಬದಲು ಎರಡಡಿ ಹಾಕಿದರೆ ಬಾಯಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಇದನ್ನು ಸಭೆಯಲ್ಲಿ ಒಬ್ಬ ಮೆಂಬರು ಒಪ್ಪಲೇ ಇಲ್ಲ. ಊಟದ ತಟ್ಟೆ ಮೇಲೆ ನಾಲ್ಕು ಸಣ್ಣ ಬಟ್ಟಲು ಇಟ್ಟು ತೋರಿಸಿದರೂ ತಲೆ ಆಡಿಸುತ್ತಲೇ ಇದ್ದರು. ಕಿರಿಯ ಇಂಜಿನಿಯರು ಹೌದು ಅಂದ ಮೇಲೆ ಸುಮ್ಮನಾದರು.

ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. 'ಸೀಲು ಬೀರುವಿನಲ್ಲಿದೆ, ಬೀಗದ ಕೈ ಮೇಡಂ ಹತ್ತಿರ ಇದೆ' ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿಬಿಡಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆಗೇ ಸೇರಿಹೋಗಿದೆ. ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿ. ಮತ್ತೆ, ನಿಮ್ಮ ಮನೆ ಕಂದಾಯ ಬಾಕಿ ಇದ್ದರೆ ಮೊದಲು ಅದನ್ನು ಕಟ್ಟಿ. ಕಂದಾಯ ಬಾಕಿ ಇದ್ದವರು ಮಾತಾಡಬಾರದು ಅಂತ ಎಲ್ಲೂ ಇಲ್ಲ, ಆದರೆ ಬಾಯಿ ಮುಚ್ಚಿಸುವುದಕ್ಕೆ ಅದಕ್ಕಿಂತ ಸಲೀಸಾದ ಮಾತೂ ಇಲ್ಲ. ನಾನಂತೂ ರಸೀದಿ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.

ಸಭೆಯ ದಿನ

ಹಾಜರಿ ಪುಸ್ತಕಕ್ಕೆ ಸಹಿ ಮಾಡುವಾಗ ಮೇಲೆ ಏನು ಬರೆದಿದೆ ಅಂತ ಓದಿ. ಖಾಲಿ ಹಾಳೆಗೆ ಸಹಿ ಬೇಡ. ಸಭೆಗೆ ಮುಂಚೆಯೂ ಬೇಡ, ಸಭೆ ಆದ ವಾರಕ್ಕೆ ಮನೆಗೆ ಬಂದು ಕೇಳಿದರೂ ಬೇಡ.

ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ನಿಲ್ಲಬೇಡಿ. ಅಲ್ಲಿಂದ ಬಂದ ಮಾತನ್ನು ಗಲಾಟೆ ಅಂತಾರೆ, ಮುಂದಿನ ಸಾಲಿನಿಂದ ಬಂದರೆ ವಿಷಯ ಅಂತಾರೆ. ನೋಡಲ್ ಅಧಿಕಾರಿ ಅಂತ ಬೇರೆ ಇಲಾಖೆಯವರೊಬ್ಬರು ಬಂದಿರುತ್ತಾರೆ. ಅವರಿಗೆ ಊರಿನ ಪಾರ್ಟಿ, ಜಾತಿ, ಹಳೇ ದ್ವೇಷ ಯಾವುದೂ ಗೊತ್ತಿರೋದಿಲ್ಲ. ಆದ್ದರಿಂದ ನಾನು ಅಧ್ಯಕ್ಷರನ್ನೂ ಅವರನ್ನೂ ಸೇರಿಸಿಯೇ ಕರೆಯುತ್ತೇನೆ: 'ಅಧ್ಯಕ್ಷರೇ, ನೋಡಲ್ ಅಧಿಕಾರಿಗಳೇ.'

ಮೊದಲ ಮಾತು ಇದಾಗಿರಲಿ: 'ಹಿಂದಿನ ಸಭೆಯ ನಡಾವಳಿ ಓದಿ.' ಇದಕ್ಕೆ ಸಿಟ್ಟೂ ಬೇಡ, ಧೈರ್ಯವೂ ಬೇಡ. ಓದಲೇಬೇಕು. ಓದಿದಾಗ ಏನು ಆಗಿದೆ ಏನು ಆಗಿಲ್ಲ ಅಂತ ತಾನಾಗಿಯೇ ಹೊರಗೆ ಬರುತ್ತದೆ. ನಾನು ಮೊದಲ ಸಲ ಇದನ್ನು ಕೇಳಿದಾಗ ಪುಸ್ತಕ ಹುಡುಕಲು ಹತ್ತು ನಿಮಿಷ ಹಿಡಿಯಿತು. ಈಗ ನಾನು ಒಳಗೆ ಬರುತ್ತಿದ್ದಂತೆ ಮೇಜಿನ ಮೇಲೆ ಬಂದಿರುತ್ತದೆ.

ನೀವೇ ಮಾತಾಡಬೇಕು ಅಂತಿಲ್ಲ. ಎರಡನೇ ಸಲ ನಾನು ಎರಡು ಮಾತು ಹೇಳಿ ಕೂತೆ. ಮಾತಾಡಿದ್ದು ಎರಡನೇ ಮನೆ ಅಜ್ಜಿ. ಮನೆಯಲ್ಲಿ ಒಂದು ಸಲ ಹೇಳಿಸಿ ನೋಡಿದ್ದೆವು. ಸಭೆಯಲ್ಲಿ ಅಜ್ಜಿ ಅದನ್ನೆಲ್ಲ ಮರೆತು, 'ನನ್ನ ಒಲೆಗೆ ನೀರು ಬಂತು ಕಣವ್ವಾ, ಮೂರು ದಿನ ಅವಲಕ್ಕಿ ತಿಂದೆ' ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಮುಖ ನೋಡಿ ಹೇಳಿದರು. ಮೇಡಂ ಪೆನ್ನು ತೆಗೆದರು. ನನ್ನ ಭಾಷಣಕ್ಕೆ ಆ ಪೆನ್ನು ಹೊರಗೆ ಬಂದಿರಲಿಲ್ಲ.

ಆಮೇಲೆ ಒಂದು ಎಚ್ಚರ. ಮೇಲಿನ ತೋಟದವರು ತಮ್ಮ ಕಣದ ನೀರನ್ನು ರಸ್ತೆ ಕಡೆ ತಿರುಗಿಸಿದ್ದು ನಮಗೆಲ್ಲ ಗೊತ್ತಿತ್ತು. ಸಭೆಯಲ್ಲಿ ಅವರ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಅವರ ಕಡೆಯವರು ಏಳುತ್ತಾರೆ, ನಮ್ಮ ಕಡೆಯವರು ಏಳುತ್ತಾರೆ, ಮೋರಿ ಹೋಗಿ ಮಾನದ ಪ್ರಶ್ನೆ ಆಗುತ್ತದೆ. ಅವರ ಮನೆಗೆ ನಾನೇ ಒಂದು ಸಂಜೆ ಹೋಗಿ ಕಾಫಿ ಕುಡಿದು ಹೇಳಿ ಬಂದೆ. ಅರ್ಧ ಕೇಳಿದರು. ಸದ್ಯಕ್ಕೆ ಅರ್ಧ ಸಾಕು.

ನಡಾವಳಿ

ಈಗ ಮುಖ್ಯ ವಿಷಯಕ್ಕೆ ಬಂದೆ. ನಿಮ್ಮ ಮಾತು ಮುಗಿದ ಕೂಡಲೇ ಕೂರಬೇಡಿ. 'ಇದನ್ನು ಏನಂತ ಬರೆದುಕೊಂಡಿರಿ, ಒಂದು ಸಲ ಓದಿ ಹೇಳಿ ಮೇಡಂ' ಅಂತ ಕೇಳಿ. ಅದೇ ಜಾಗದಲ್ಲಿ, ಎಲ್ಲರ ಮುಂದೆ. ನಗುತ್ತಲೇ ಕೇಳಿ.

ಓದಿದಾಗ ನಾನು ನಾಲ್ಕು ವಿಷಯ ಹುಡುಕುತ್ತೇನೆ: ಯಾವ ಜಾಗ, ಏನು ಕೆಲಸ, ಯಾರು ಮಾಡಬೇಕು, ಯಾವಾಗಿನೊಳಗೆ. ಎರಡನೇ ಸಲವೂ ಮೊದಲು ಬರೆದದ್ದು 'ಡೈರಿ ಬಳಿ ಮೋರಿ ದುರಸ್ತಿಗೆ ಕ್ರಮ ವಹಿಸುವುದು' ಅಂತ. ದುರಸ್ತಿ ಅಂದರೆ ಎಲೆ ತೆಗೆದು ಬಿಲ್ಲು ಮಾಡಬಹುದು! ನಾನು ಎದ್ದು, 'ದುರಸ್ತಿ ಅಲ್ಲ ಮೇಡಂ, ಪೈಪು ಬದಲಾವಣೆ' ಅಂದೆ. ಯಾರು ಅಂತ ಕೇಳಿದೆ. ಇಂಜಿನಿಯರ್ ಕಡೆಯಿಂದ ಅಂದಾಜು ಪಟ್ಟಿ ಅಂದರು. ಯಾವಾಗ ಅಂದೆ. ಅಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೋಡಲ್ ಅಧಿಕಾರಿಯೇ 'ಒಂದು ತಿಂಗಳು ಅಂತ ಹಾಕಿ' ಅಂದರು. ಕೊನೆಗೆ ಪುಸ್ತಕದಲ್ಲಿ ಬಿದ್ದದ್ದು ಹೀಗೆ: 'ಹಾಲಿನ ಡೈರಿ ಎದುರಿನ ಮೋರಿಗೆ ಎರಡು ಅಡಿ ಪೈಪು ಅಳವಡಿಸಲು ಕಿರಿಯ ಇಂಜಿನಿಯರ್ ಅವರಿಂದ ಒಂದು ತಿಂಗಳೊಳಗೆ ಅಂದಾಜು ಪಟ್ಟಿ ಪಡೆದು ಕ್ರಿಯಾ ಯೋಜನೆಗೆ ಸೇರಿಸುವುದು.' ಮೊದಲ ಸಲದ ಒಂದೂವರೆ ಸಾಲಿಗೂ ಇದಕ್ಕೂ ಎಷ್ಟು ದೂರ ನೋಡಿ. ಈ ಸಾಲನ್ನು ಅಲ್ಲೇ ನನ್ನ ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೆ ಅಕ್ಷರ ಬರೆದುಕೊಂಡೆ.

'ಅನುದಾನ ಇಲ್ಲ' ಅನ್ನೋದು ಬಂದೇ ಬರುತ್ತದೆ. ಆಗ 'ಯಾವ ಲೆಕ್ಕದಲ್ಲಿ ಇಲ್ಲ?' ಅಂತ ಕೇಳಿ. ಪಂಚಾಯಿತಿಗೆ ದುಡ್ಡು ಒಂದೇ ಚೀಲದಲ್ಲಿ ಬರೋದಿಲ್ಲ. 15ನೇ ಹಣಕಾಸು ಆಯೋಗದ ದುಡ್ಡು 2021ರಿಂದ 2026ರ ತನಕ ಬಂದಾಗ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು, ಉಳಿದ 40 ಊರಿನ ಅಗತ್ಯಕ್ಕೆ. ಒಂದು ಚೀಲ ಖಾಲಿ ಇದ್ದರೆ ಇನ್ನೊಂದರಲ್ಲಿ ಇರಬಹುದು. ನೀವು ಲೆಕ್ಕ ಕೇಳುವವರು ಅಂತ ಗೊತ್ತಾದರೆ ಆ ಮಾತು ಅಷ್ಟು ಸುಲಭಕ್ಕೆ ಬರೋದಿಲ್ಲ.

ಸಭೆ ಆದ ಮೇಲೆ

ಹದಿನೈದು ದಿನ ಬಿಟ್ಟು ನಡಾವಳಿಯ ನಕಲು ಕೇಳಿ. ಬಾಯಲ್ಲಿ ಕೇಳಿದರೆ ಕೊಡುವವರೂ ಇದ್ದಾರೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದೊಳಗೆ ಉತ್ತರ ಬರಬೇಕು. 'ಮೋರಿ ಯಾಕೆ ಮಾಡಿಲ್ಲ?' ಅಂತ ಬರೆದರೆ ಅದು ಮಾಹಿತಿ ಅಲ್ಲ, ಪ್ರಶ್ನೆ ಅಂತ ತಿರುಗಿಸುತ್ತಾರೆ. 'ಇಂಥ ತಾರೀಕಿನ ಗ್ರಾಮಸಭೆಯ ನಡಾವಳಿಯ ನಕಲು, ಇಂಥ ಕೆಲಸದ ಅಂದಾಜು ಪಟ್ಟಿಯ ನಕಲು' ಅಂತ ಕಾಗದವನ್ನೇ ಕೇಳಿ. ಇದನ್ನು ಮೊದಲ ದಿನವೇ ಬೀಸಬೇಡಿ. ನಮ್ಮ ಊರಿನವನೊಬ್ಬ ಮಾತೆತ್ತಿದರೆ ಮಾಹಿತಿ ಹಕ್ಕು ಹಾಕುತ್ತಾನೆ, ಈಗ ಅವನು ಕಚೇರಿಗೆ ಕಾಲಿಟ್ಟರೆ ಎಲ್ಲರಿಗೂ ಊಟದ ಹೊತ್ತು.

ಒಪ್ಪಿಕೊಂಡ ಗಡುವು ದಾಟಿದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಅಲ್ಲಿಂದ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ಹೊಸ ಅರ್ಜಿ ಬರೆಯುವ ಅಗತ್ಯ ಇಲ್ಲ. ನಡಾವಳಿಯ ನಕಲು, ನಿಮ್ಮ ಸೀಲು ಹಾಕಿದ ಅರ್ಜಿ, ಮೇಲೆ ನಾಲ್ಕು ಸಾಲು. ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಫೋನ್ ಮಾಡಬಹುದು. ನಾನು ಇಒ ತನಕ ಹೋಗಿದ್ದೆ, ಒಂದೇ ಸಲ. ಗಡುವು ಮುಗಿದು ಆರು ವಾರ ಆಗಿತ್ತು.

ಚಿಕ್ಕಮಗಳೂರು ಪೇಟೆಯೊಳಗೆ ಇರುವವರಿಗೆ ಗ್ರಾಮಸಭೆ ಇಲ್ಲ, ನಗರಸಭೆ. ವಾರ್ಡಿನ ಸದಸ್ಯರು, ಪೌರಾಯುಕ್ತರು, ಬಜೆಟ್‌ಗೆ ಮುಂಚಿನ ಸಾರ್ವಜನಿಕ ಸಭೆ ಅಂತ ಅಲ್ಲಿಯ ದಾರಿ ಬೇರೆ. ಆದರೆ ಅರ್ಜಿಗೆ ಸೀಲು, ಒಂದೇ ವಿಷಯ, ತಾರೀಕಿನ ಪಟ್ಟಿ ಅಲ್ಲಿಗೂ ಸಲ್ಲುತ್ತದೆ.

ಪೈಪು ಬಂದದ್ದು ನಾನು ಮೊದಲ ಭಾಷಣ ಮಾಡಿ ಎರಡು ವರ್ಷ ದಾಟಿದ ಮೇಲೆ, ಏಪ್ರಿಲ್‌ನಲ್ಲಿ. ಜೆಸಿಬಿ ಬಂದು ಅರ್ಧ ದಿನದಲ್ಲಿ ಹಳೇದನ್ನು ಕಿತ್ತು ಹೊಸದು ಕೂರಿಸಿತು. ಆ ವರ್ಷ ಪುನರ್ವಸು ಮಳೆಯಲ್ಲಿ ಒಂದು ರಾತ್ರಿ 4 ಇಂಚು 20 ಸೆಂಟ್ ಆಯಿತು. ಬೆಳಗ್ಗೆ ಐದಕ್ಕೇ ಟಾರ್ಚ್ ಹಿಡಿದು ಹೋದೆ. ಅಜ್ಜಿಯೂ ಬಾಗಿಲಲ್ಲಿ ನಿಂತಿದ್ದರು. ರಸ್ತೆ ಒದ್ದೆ ಇತ್ತು, ಅಷ್ಟೇ.

ಹುಡುಗನ ಬೀದಿ ದೀಪಕ್ಕೆ ನಿನ್ನೆ ಅರ್ಜಿ ಬರೆದೆವು. ಕಂಬದ ನಂಬರ್ ಹಾಕಿದ್ದೇವೆ, ಉರಿಯದ ರಾತ್ರಿಗಳ ಪಟ್ಟಿಯನ್ನು ಅವನೇ ಮೊಬೈಲಿನಲ್ಲಿ ಇಟ್ಟಿದ್ದ. ನನ್ನ ಪಾಲಿನ ವಿಷಯ ಬೇರೆ ಇದೆ. ಕಿತ್ತ ಹಳೇ ಪೈಪನ್ನು ಕಂಟ್ರಾಕ್ಟರ್ ರಸ್ತೆ ಪಕ್ಕದಲ್ಲೇ ಬಿಟ್ಟುಹೋಗಿದ್ದಾನೆ. ಈಗ ಅದರೊಳಗೆ ನಾಯಿ ಮರಿ ಹಾಕಿದೆ. ಟೇಪು ಹಿಡಿದು ಅಳೆದು ಬಂದೆ: ಉದ್ದ ಎಂಟು ಅಡಿ, ರಸ್ತೆಯ ಅಂಚಿನಿಂದ ಒಂದು ಅಡಿ ಒಳಗೆ ಬಂದಿದೆ, ನಾಲ್ಕು ಮರಿ.